ರೆಸೆಗೋನೆಯ ಹಿಂದಿನ ಸೀಟು

9 ಫೆಬ್ರವರಿ 1948, ಸೋಮವಾರ

ಹೊಸ ಕಾರಿನ ಹಿಂದಿನ ಸೀಟು ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ಮುಂದಿನವೆರಡೂ ಮುದುಕ ಪೋಜ್ಜಿಗೆ. ಯುದ್ಧಕ್ಕೆ ಮೊದಲು ಇದೇ ಕಾರ್ಖಾನೆಯಲ್ಲಿ ರಾಜಮಹಾರಾಜರ ಕಾರುಗಳಿಗೆ ಸೀಟು ಹೊಲಿದವನು ತಾನು ಎಂದು ದಿನಕ್ಕೊಮ್ಮೆ ಹೇಳಿಕೊಳ್ಳದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ನಾನು ಇಲ್ಲಿಗೆ ಬಂದದ್ದು ಯುದ್ಧದ ನಡುವೆ, ಸೈನ್ಯದ ಲಾರಿಗಳಿಗೆ ಟಾರ್ಪಾಲು ಹೊಲಿಯಲು. ಈಗ ಕೈಗೆ ಬಂದಿರುವುದು ಹೊಗೆಸೊಪ್ಪಿನ ಬಣ್ಣದ ಕರುವಿನ ಚರ್ಮ. ಬೆರಳಿಟ್ಟರೆ ಯಾರದೋ ಕೆನ್ನೆ ಮುಟ್ಟಿದ ಹಾಗಾಗುತ್ತದೆ.

ಕಾರಿಗೆ ರೆಸೆಗೋನೆ ಎಂದು ಹೆಸರಿಟ್ಟಿದ್ದಾರೆ, ಲೆಕ್ಕೊ ಊರಿನ ಮೇಲೆ ಗರಗಸದ ಹಲ್ಲಿನಂತೆ ನಿಂತ ಬೆಟ್ಟದ ಹೆಸರು. ಲೋಕದಲ್ಲಿ ಇದೊಂದೇ ಇರುವುದು, ಮಾದರಿ ಕಾರು. ಇದು ಮೆಚ್ಚುಗೆಯಾದರೆ ಇಂಥವೇ ಸಾಲುಸಾಲಾಗಿ ಮಾಡುತ್ತಾರಂತೆ. ಆಗದಿದ್ದರೆ ಕಾರ್ಖಾನೆಗೆ ಬೀಗ. ಎಂಜಿನ್ನು ಹಿಂಭಾಗದಲ್ಲಿದೆ. ಮನೆಗೆ ಬಂದು ಅತ್ತೆಗೆ ಹೇಳಿದೆ.

“ಎಂಜಿನ್ ಹಿಂದಿದ್ರೆ ಮುಂದೇನಿದೆಯೇ?”

“ಪೆಟ್ಟಿಗೆ ಇಡೋ ಜಾಗ, ಅತ್ತೆ.”

“ಅಂದ್ರೆ ಹೊಟ್ಟೆ ಬಿಚ್ಚಿ ಬೆನ್ನಿಗೆ ಕಟ್ಟಿದಾರೆ ಅನ್ನು. ಇದಕ್ಕೆ ಓದಿದ ಇಂಜಿನಿಯರುಗಳು ಬೇಕಾಯ್ತಾ?”

ನನ್ನ ಗಂಡ ಎಲಿಯೋ ಯುದ್ಧದಿಂದ ಬಂದ ಮೇಲೆ ಅವನಿಗೆ ತೋರಿಸಬೇಕು. ಎಂಜಿನ್ ಎಂದರೆ ಅವನಿಗೆ ಹುಚ್ಚು. ಸೈನ್ಯದಲ್ಲೂ ಲಾರಿಯನ್ನೇ ಕೇಳಿ ಪಡೆದವನು.

15 ಫೆಬ್ರವರಿ, ಭಾನುವಾರ

ಎಂದಿನಂತೆ ಅತ್ತೆಯ ಜೊತೆ ದೊಡ್ಡ ರೈಲು ನಿಲ್ದಾಣಕ್ಕೆ. ಹಿಂದೆಲ್ಲ ರಷ್ಯದ ಸೆರೆಯಿಂದ ಬಿಡುಗಡೆಯಾದ ಸೈನಿಕರು ಗುಂಪುಗುಂಪಾಗಿ ಇಳಿಯುತ್ತಿದ್ದರು. ಈಗ ತಿಂಗಳಿಗೊಬ್ಬ ಬಂದರೆ ಹೆಚ್ಚು. ಆದರೂ ಫೋಟೊ ಹಿಡಿದ ಹೆಂಗಸರ ಸಾಲು ಕರಗಿಲ್ಲ. ಅತ್ತೆಯ ಕೈಯಲ್ಲಿರುವುದು ಎಲಿಯೋ ಪರ್ವತ ದಳದ ಗರಿ ಟೋಪಿ ಹಾಕಿಕೊಂಡು ನಗುತ್ತಿರುವ ಫೋಟೊ. ದೋನ್ ನದಿಯಿಂದ ಸೈನ್ಯ ಹಿಮ್ಮೆಟ್ಟುವಾಗ ಅವನ ಸುಳಿವು ತಪ್ಪಿ ಐದು ವರ್ಷವಾಯಿತು. ‘ಕಾಣೆಯಾಗಿದ್ದಾನೆ’ ಎಂದು ಸರಕಾರ ಹೇಳಿ ಕೈತೊಳೆದುಕೊಂಡಿತು.

ನಾವಿಬ್ಬರು ಗಂಡಹೆಂಡಿರಾಗಿ ಇದ್ದದ್ದು ಒಂದು ಬೇಸಿಗೆ. ಅವನ ಧ್ವನಿ ನೆನಪಾಗುವುದಿಲ್ಲ. ಶಿಳ್ಳೆ ನೆನಪಾಗುತ್ತದೆ.

3 ಮಾರ್ಚ್

ಮೈಯೆಲ್ಲ ಉರಿಯುತ್ತಿದೆ. ಕಾರನ್ನು ಮೊದಲ ಬಾರಿಗೆ ರಸ್ತೆಗಿಳಿಸಿದರು. ಓಡಿಸಿ ಪರೀಕ್ಷಿಸುವವನು ಕೊಲೊಂಬಿ ಎಂಬ ಮನುಷ್ಯ, ನಲವತ್ತು ದಾಟಿರಬೇಕು, ಮೂಗು ಒಮ್ಮೆ ಮುರಿದು ಕೂಡಿದ ಹಾಗಿದೆ. ಊಟದ ಹೊತ್ತಿಗೆ ಅಂಗಳಕ್ಕೆ ಹೋಗಿ ನೋಡುತ್ತೇನೆ, ನನ್ನ ಸೀಟಿನ ಮೇಲೆ ಮರಳು ಮೂಟೆಗಳು! ಒದ್ದೆ ಮರಳು!

“ಯಾರ್ರೀ ಇದನ್ನ ಇಲ್ಲಿಟ್ಟೋರು?”

“ನಾನೇ, ಸಿನ್ಯೋರಾ. ಹಿಂದೆ ಜನ ಕೂತ್ರೆ ಗಾಡಿ ಹೆಂಗೆ ತಿರುಗುತ್ತೆ ಅಂತ ನೋಡ್ಬೇಕಲ್ಲ.”

“ಜನಾನೇ ಕೂರಿಸಿ!”

“ಜನ ಮಾತಾಡ್ತಾರೆ. ಮರಳು ಸುಮ್ನಿರುತ್ತೆ.”

ನಾನೇ ಒಂದೊಂದು ಮೂಟೆಯನ್ನೂ ಎಳೆದು ಅಂಗಳಕ್ಕೆ ಎಸೆದೆ. ಒಂದು ಹರಿದು ಅವನ ಬೂಟಿನ ತುಂಬ ಮರಳಾಯಿತು. ಅವನು ನಕ್ಕ. ನಗುವವರನ್ನು ಕಂಡರೆ ನನಗಾಗದು.

12 ಮಾರ್ಚ್

ಮೂಟೆಗಳ ಕೆಳಗೆ ಎರಡು ಪದರ ಕಂಬಳಿ ಹಾಸಿದ್ದಾರೆ. ಕೊಲೊಂಬಿಯ ಮನೆಯದೇ ಕಂಬಳಿ ಎಂದ ಪೋಜ್ಜಿ. ಬಾಂಬು ಬಿದ್ದ ವರ್ಷ ಹೆಂಡತಿ ಸತ್ತಳಂತೆ, ಒಬ್ಬನೇ ಇರುವುದಂತೆ. ನಾನು ಕೇಳಿರಲಿಲ್ಲ.

30 ಮಾರ್ಚ್

ಈಸ್ಟರ್ ದಿನ ನಿಲ್ದಾಣದಲ್ಲಿ ಒಬ್ಬಳು ಅತ್ತೆಯ ಫೋಟೊ ನೋಡಿ, ಟೋಪಿಯ ಗುರುತು ಹಿಡಿದು, “ಇದೇ ದಳದವನು ನಮ್ಮ ಕಡೆ ಒಬ್ಬ ಬಂದಿದಾನೆ. ಮೊರ್ಬೆಞ್ಞೊ ಮೇಲಿನ ಹಳ್ಳಿ. ಬೋರ್ತೊಲೊ ಅಂತ” ಎಂದಳು. ಆಗಿನಿಂದ ಅತ್ತೆ ಕೂತಲ್ಲಿ ಕೂರುತ್ತಿಲ್ಲ. ರೈಲು ಬದಲಿಸಿ, ಬಸ್ಸು ಹಿಡಿದು, ಆಮೇಲೆ ಬೆಟ್ಟ ಹತ್ತಬೇಕು. ಚಳಿಗಾಲದಲ್ಲಿ ನೆಗಡಿ ಎದೆಗಿಳಿದಾಗಿನಿಂದ ಅವರಿಗೆ ನಮ್ಮ ಮನೆಯ ಮೆಟ್ಟಿಲೇ ಬೆಟ್ಟ.

ಇದನ್ನು ಪೋಜ್ಜಿಗೆ ಹೇಳುತ್ತಿದ್ದೆ. ಕೊಲೊಂಬಿ ಅಲ್ಲೇ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

“ಮುಂದಿನ ವಾರದಾಚೆ ಲೆಕ್ಕೊ ಸರೋವರದ ರಸ್ತೇಲಿ ಏರು ಹತ್ತಿಸಿ ನೋಡ್ಬೇಕು, ಅದೇ ದಿಕ್ಕು. ನೀವು ಮತ್ತೆ ನಿಮ್ಮತ್ತೆ, ಇಬ್ರೂ ಸೇರಿದ್ರೆ ಎಷ್ಟು ಮೂಟೆ ತೂಗ್ತೀರಿ?”

“ನಾಚಿಕೆ ಇಲ್ವಾ ಹಿಂಗೆ ಕೇಳೋಕೆ?”

“ತೂಕ ಕೇಳಿದ್ದು, ಸಿನ್ಯೋರಾ. ವಯಸ್ಸು ಕೇಳ್ಲಿಲ್ಲ.”

ಮೇಲಿನವರನ್ನು ಕೇಳಿ ಅವನೇ ಒಪ್ಪಿಗೆ ತಂದ. ಯಾಕೆ ಎಂದು ಕೇಳಿದರೆ, “ಮರಳಿನ ಜೊತೆ ಸುತ್ತಾಡಿ ಬೇಜಾರಾಗಿದೆ” ಎಂದ.

11 ಏಪ್ರಿಲ್, ಭಾನುವಾರ

ಎಲ್ಲವನ್ನೂ ಬರೆಯಬೇಕು.

ಅತ್ತೆ ಮದುವೆಗೆ ಹೊರಟವರಂತೆ ಕಪ್ಪು ಲೇಸಿನ ಶಾಲು ಹೊದ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೆಕ್ಕೆಜೋಳದ ಪೊಲೆಂತಾ ಮುದ್ದೆ, ಗಿಣ್ಣಿನ ತುಂಡು ಮಡಿಲಲ್ಲಿಟ್ಟುಕೊಂಡು ನನ್ನ ಸೀಟಿನಲ್ಲಿ ಕೂತರು. ಅಂಗೈಯಿಂದ ಚರ್ಮವನ್ನು ಸವರಿದರು. “ನೀನೇ ಹೊಲಿದಿದ್ದಾ ಇದನ್ನ?” ಎಂದು ಎರಡು ಸಲ ಕೇಳಿದರು. ಆರು ವರ್ಷ ಒಂದೇ ಸೂರಿನಡಿ ಇದ್ದರೂ ನಾನು ಮಾಡಿದ ಯಾವುದನ್ನೂ ಅವರು ಹೀಗೆ ಮುಟ್ಟಿದ್ದಿಲ್ಲ.

ಕಾರು ಹೊರಟದ್ದು ತಿಳಿಯಲೇ ಇಲ್ಲ. ಮನೆಗಳೇ ಹಿಂದಕ್ಕೆ ಜಾರತೊಡಗಿದವು. ಗೋಡೆಗಳ ಮೇಲೆ ಚುನಾವಣೆಯ ಕಾಗದಗಳು ಒಂದರ ಮೇಲೊಂದು, ಶಿಲುಬೆಯ ಮೇಲೆ ಕುಡುಗೋಲು, ಕುಡುಗೋಲಿನ ಮೇಲೆ ಶಿಲುಬೆ. ಹಳ್ಳಿಗಳಲ್ಲಿ ಗಂಡಸರು ಕಾರು ಕಂಡು ಟೋಪಿ ತೆಗೆದರು. ಅತ್ತೆ ಮೊದಮೊದಲು ಮುದುಡಿಕೊಂಡರು, ಲೆಕ್ಕೊ ದಾಟುವ ಹೊತ್ತಿಗೆ ಬೆರಳೆತ್ತಿ ಆಶೀರ್ವಾದ ಮಾಡುತ್ತಿದ್ದರು.

“ಕೊಲೊಂಬಿ ಅವ್ರೇ, ಒಂಚೂರು ನಿಧಾನ. ಅವ್ರು ನನ್ನ ಸರಿಯಾಗಿ ನೋಡ್ಲಿಲ್ಲ.”

“ಅಪ್ಪಣೆ, ರಾಣಿಯಮ್ಮ.”

ಸರೋವರ ಎಡಗಡೆಯಿಂದ ಜೊತೆಯಲ್ಲೇ ಬಂತು. ಕಿಟಕಿಯ ಗಾಜು ಇಳಿಸಿದ್ದೆ, ನೀರಿನ ತಂಪು ಮುಖಕ್ಕೆ ಬಡಿಯುತ್ತಿತ್ತು. ಹೀಗೇ ಹೋಗುತ್ತಿರಲಿ, ಯಾವ ಊರೂ ಬರದಿರಲಿ ಎಂದು ಒಂದು ಗಳಿಗೆ ಅನ್ನಿಸಿತು. ಹೋಗುತ್ತಿರುವುದು ಯಾತಕ್ಕೆ ಎಂಬುದು ಮರೆತಿತ್ತು. ಆ ಗಳಿಗೆಯಲ್ಲಿ ಕನ್ನಡಿಯಲ್ಲಿ ಕೊಲೊಂಬಿ ನನ್ನನ್ನು ನೋಡಿ, ಆಮೇಲೆ ರಸ್ತೆ ನೋಡಿದ.

ಮೊರ್ಬೆಞ್ಞೊ ದಾಟಿ ಏರುವಾಗ ಹಿಂದಿನಿಂದ ಹಬೆ ಎದ್ದಿತು. ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲ, ಇನ್ನು ಹತ್ತಿಸಲಾರೆ ಎಂದ. ಅಲ್ಲಿಂದ ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ನಡೆದ. ದಾರಿಯುದ್ದಕ್ಕೂ ಅವರು ಅವನ ಕಿವಿ ಹಿಡಿದು “ಆ ಕಲ್ಲು ಬಿಟ್ಟು ಈ ಕಲ್ಲು” ಎನ್ನುತ್ತಿದ್ದರು.

ಬೋರ್ತೊಲೊ ಇನ್ನೂ ಮೂವತ್ತರವನು, ನೋಡಿದರೆ ಅವನಪ್ಪ ಎನ್ನಬೇಕು. ಎಡಗೈಯಲ್ಲಿ ಹೆಬ್ಬೆರಳು ಮಾತ್ರ ಉಳಿದಿದೆ. ಫೋಟೊ ನೋಡಿದ ಕೂಡಲೇ ಗುರುತಿಸಿದ.

“ಶಿಳ್ಳೆ ಹಾಕ್ತಿದ್ನಲ್ಲ, ಅವನು ತಾನೆ?”

“ಊಟಕ್ಕೆ ಕೂತಾಗ್ಲೂ ಹಾಕ್ತಿದ್ದ. ಎಷ್ಟು ಬೈದಿದೀನೋ!” ಅತ್ತೆ ಅವನ ತೋಳು ಹಿಡಿದುಕೊಂಡರು. “ಎಲ್ಲಿದಾನಪ್ಪಾ?”

“ಹಿಮಕ್ಕೆ ಪಾದ ಎರಡೂ ಕಪ್ಪಗಾಗಿತ್ತಮ್ಮ. ನಡೆಯೋಕಾಗ್ತಿರ್ಲಿಲ್ಲ. ಒಂದು ಹಳ್ಳೀಲಿ ಒಂದು ಮನೆಗೆ ನುಗ್ಗಿದ್ವಿ. ಹೆಂಗಸು ಒಬ್ಳೇ ಇದ್ಲು. ಓಡಿಸ್ತಾಳೆ ಅಂದ್ಕೊಂಡ್ರೆ ಅವನನ್ನ ಒಲೆ ಪಕ್ಕ ಮಲಗಿಸಿದ್ಲು. ಬೆಳಿಗ್ಗೆ ಹೊರಡು ಅಂದ್ರೆ, ‘ನೀವು ನಡೀರಿ, ನಾನಿಲ್ಲಿ ಬೆಚ್ಚಗಿದೀನಿ’ ಅಂದ. ನಾನು ಬಾಗಿಲು ದಾಟೋವಾಗ ಅವಳು ಅವನಿಗೆ ಬೇಯಿಸಿದ ಆಲೂಗಡ್ಡೆ ಸುಲಿದು ಕೊಡ್ತಿದ್ಲು.”

“ನಗ್ತಿದ್ನಾ?”

“ಹೂಂ. ನಗ್ತಿದ್ದ.”

ಅತ್ತೆ ಅವನ ಬೆರಳಿಲ್ಲದ ಕೈಗೆ ಮುತ್ತಿಟ್ಟು, ಪೊಲೆಂತಾವನ್ನೂ ಗಿಣ್ಣನ್ನೂ ಅವನ ಮೇಜಿನ ಮೇಲೆ ಇಟ್ಟು ಎದ್ದರು. ಕೊಲೊಂಬಿ ಅವರನ್ನು ಅಂಗಳಕ್ಕೆ ಇಳಿಸಿಕೊಂಡ. ನಾನು ಹಿಂದೆ ಉಳಿದಿದ್ದೆ. ಬೋರ್ತೊಲೊ ಹೊಸ್ತಿಲಲ್ಲಿ ನನ್ನನ್ನು ತಡೆದ.

“ನೀವು ಹೆಂಡತಿ ಅಲ್ವಾ? ನಾವು ಗುಡ್ಡ ಹತ್ತಿ ತಿರುಗಿ ನೋಡಿದ್ವಿ. ಟ್ಯಾಂಕುಗಳು ಬಂದಿದ್ವು. ಆ ಹಳ್ಳಿ ಪೂರ್ತಿ ಉರೀತಿತ್ತು, ಒಂದು ಮನೇನೂ ಬಿಡ್ದಂಗೆ. ಆ ತಾಯಿಗೆ ಹೇಳ್ಬೇಡಿ.”

ಮರಳುವಾಗ ಅತ್ತೆ ದಾರಿಯುದ್ದಕ್ಕೂ ಮಾತಾಡಿದರು. “ಒಳ್ಳೆ ಹೆಂಗಸು. ಸುಲಿದು ಕೊಡ್ತಿದ್ಲಂತೆ. ಸಿಪ್ಪೆ ಸಮೇತ ಕೊಟ್ರೆ ಅವನು ತಿನ್ನೋದೇ ಇಲ್ಲ, ಚಿಕ್ಕೋನಿದ್ದಾಗಿಂದ.” ನಾನು ಹೂಂ ಎಂದೆ. ಕಿಟಕಿಯ ಗಾಜನ್ನು ಏರಿಸಿಕೊಂಡಿದ್ದೆ.

12 ಏಪ್ರಿಲ್

ಏನನ್ನೂ ಹೊಲಿಯಲಿಲ್ಲ.

2 ಮೇ, ಭಾನುವಾರ

ಅತ್ತೆ ಇಂದೂ ನಿಲ್ದಾಣಕ್ಕೆ ಹೊರಡಲಿಲ್ಲ. “ಅವನು ಬೆಚ್ಚಗಿದಾನೆ, ಅಲ್ಲಿ ಹೋಗಿ ಚಳೀಲಿ ನಾನ್ಯಾಕೆ ನಿಲ್ಲಲಿ?” ಎನ್ನುತ್ತಾರೆ. ಊಟ ಸೇರುತ್ತಿದೆ. ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಾರೆ. ಪಕ್ಕದ ಮನೆಯವರಿಗೆಲ್ಲ ಆ ರಷ್ಯದ ಒಲೆಯ ವರ್ಣನೆಯಾಗಿದೆ. ದಿನದಿನಕ್ಕೂ ಒಲೆ ದೊಡ್ಡದಾಗುತ್ತಿದೆ, ಈಗ ಅದರ ಪಕ್ಕ ಒಂದು ಬೆಕ್ಕೂ ಇದೆ. ಅವರನ್ನು ಬದುಕಿಸಿರುವುದು ಆ ಬೆಂಕಿ. ನಾನು ಬಾಯಿ ಬಿಡುವ ಮಾತೇ ಇಲ್ಲ.

ಕಾರಿನ ಹಿಂಭಾಗದ ತಗಡಿಗೆ ಮೀನಿನ ಕಿವಿರುಗಳಂತೆ ಸೀಳು ಮಾಡಿದ್ದಾರೆ, ಗಾಳಿಗೆ. ಚಂದ ಹೆಚ್ಚಾಗಿದೆ. ಅಟ್ಟಿಲಿಯೊ, ಕೊಲೊಂಬಿಯ ಹೆಸರು ಅದು, ಪರೀಕ್ಷೆ ಮುಗಿಸಿ ಬಂದ ದಿನಗಳಲ್ಲಿ ಸೀಟಿನ ಹೊಲಿಗೆ ಸಡಿಲವಾಗಿದೆಯೇ ಎಂದು ನೋಡಲು ಅಂಗಳಕ್ಕೆ ಹೋಗುತ್ತೇನೆ. ಅದು ನನ್ನ ಕೆಲಸ.

25 ಮೇ

ಹೊಲಿಗೆ ಸಡಿಲವಾಗಿಲ್ಲ.

17 ಜೂನ್, ಗುರುವಾರ

ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಹೇಳಿಬಿಟ್ಟರು. ರೆಸೆಗೋನೆಯನ್ನು ನೋಡಿ ಹೊಗಳಿದವರೇ ಎಲ್ಲ, ಬೇಕು ಎಂದವರಿಲ್ಲ. ಹರಕು ಬೂಟಿನ ದೇಶಕ್ಕೆ ಇಂಥ ಕಾರು ಯಾಕೆ? ಮತ್ತೊಂದನ್ನು ಮಾಡುವುದಿಲ್ಲ. ಇದನ್ನು ಅರ್ಜೆಂಟೀನಾದ ಯಾರೋ ಕೊಂಡಿದ್ದಾನೆ. ಕಾರ್ಖಾನೆ ಮುಚ್ಚುತ್ತದೆ.

ಊಟದ ಹೊತ್ತಿನಲ್ಲಿ ಕಾರಿನೊಳಗೆ ಹೋಗಿ ಕೂತೆ, ಹಿಂದೆ. ಸ್ವಲ್ಪ ಹೊತ್ತಿಗೆ ಅಟ್ಟಿಲಿಯೊ ಬಂದು ಮುಂದೆ ಕೂತ. ತಿರುಗಲಿಲ್ಲ, ಕನ್ನಡಿಯಲ್ಲೇ ಮಾತಾಡಿದ.

“ಎಲ್ಲಿಗೆ ಬಿಡ್ಲಿ?”

“ತಮಾಷೆ ಬೇಡ ಇವತ್ತು.”

“ಲೆಕ್ಕೊದಲ್ಲಿ ಬಸ್ ಓಡಿಸೋ ಕೆಲಸ ಸಿಕ್ಕಿದೆ. ಸರೋವರದ ದಂಡೆ ರಸ್ತೆ, ನಾವು ಹೋದ್ವಲ್ಲ, ಅದೇ. ಎರಡು ಕೋಣೆ ಮನೆ ಕೊಡ್ತಾರೆ. ಕಿಟಕಿಯಿಂದ ನೀರು ಕಾಣುತ್ತೆ.” ಸ್ಟೀರಿಂಗಿನ ಮೇಲೆ ಬೆರಳಾಡಿಸುತ್ತ ಕೂತ. “ಒಬ್ಬನಿಗೆ ಎರಡು ಕೋಣೆ ಏನಕ್ಕೆ, ಪಿಯೆರಾ? ಯೋಚನೆ ಮಾಡಿ ನೋಡು.”

ಮೊದಲ ಬಾರಿಗೆ ನೀನು ಎಂದ. ಕಿವಿಗೆ ವಿಚಿತ್ರವಾಗಿ ಕೇಳಿಸಲೇ ಇಲ್ಲ.

18 ಜೂನ್

ಆಗುವುದಿಲ್ಲ ಎಂದು ಹೇಳಿದೆ.

ಮದುವೆಯಾಗಬೇಕಾದರೆ ಎಲಿಯೋ ಸತ್ತಿದ್ದಾನೆ ಎಂದು ನ್ಯಾಯಾಲಯದಲ್ಲಿ ಹೇಳಬೇಕು. ತಾಯಿಯನ್ನೂ ಕರೆಸಿ ಕೇಳುತ್ತಾರೆ. ಆ ಒಲೆಗೆ ನನ್ನ ಕೈಯಾರೆ ನೀರು ಸುರಿಯಲೇ? ಮದುವೆಯಿಲ್ಲದೆ ಹೋಗಿ ಇರಲು ನನಗೆ ಧೈರ್ಯವಿಲ್ಲ. ಇಷ್ಟನ್ನೂ ಅವನಿಗೆ ಹೇಳಿದೆ, ಉರಿದ ಹಳ್ಳಿಯ ವಿಷಯವನ್ನೂ. ಅಟ್ಟಿಲಿಯೊ ವಾದ ಮಾಡಲಿಲ್ಲ.

“ಆಯ್ತು. ಅವ್ರನ್ನ ಬೆನ್ನ ಮೇಲೆ ಹೊತ್ತೋನು ನಾನು, ಎಷ್ಟು ಹಗುರ ಇದಾರೆ ಅಂತ ಗೊತ್ತು” ಎಂದ.

ವಾದ ಮಾಡಬಹುದಾಗಿತ್ತು.

26 ಜುಲೈ

ಕಾರು ಹೋಯಿತು. ಜಿನೋವಾ ಬಂದರಿನವರೆಗೆ ಅಟ್ಟಿಲಿಯೊ ಓಡಿಸಿಕೊಂಡು ಹೋದ. ಎಲ್ಲರೂ ಗೇಟಿನ ಎರಡು ಕಡೆ ನಿಂತಿದ್ದೆವು. ಪೋಜ್ಜಿ ಬಾನೆಟ್ಟಿಗೆ ಒರಗಿ ಅತ್ತು, ಆಮೇಲೆ ಕಣ್ಣೀರು ಬಿದ್ದ ಜಾಗವನ್ನು ತೋಳಿನಿಂದ ಉಜ್ಜಿ ಹೊಳಪು ಮಾಡಿದ. ಹಿಂದಿನ ಸೀಟಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಕಾರು ನಮ್ಮನ್ನು ದಾಟುವಾಗ ಕನ್ನಡಿಯಲ್ಲಿ ಅವನ ಕಣ್ಣು ಹುಡುಕಿದೆ. ಬಿಸಿಲು ಬಿದ್ದು ಕನ್ನಡಿ ಬರಿದೇ ಹೊಳೆಯಿತು.

22 ಆಗಸ್ಟ್, ಭಾನುವಾರ

ಹಾಸಿಗೆಯ ಚೀಲ ಹೊಲಿಯುತ್ತೇನೆ, ಮನೆಯಲ್ಲೇ. ಒರಟು ಬಟ್ಟೆ, ದಬ್ಬಳ ಬೆರಳಿಗೆ ಚುಚ್ಚುತ್ತದೆ. ಬೀದಿಯಲ್ಲಿ ಎಂಜಿನ್ನಿನ ಸದ್ದಾದರೆ ಕಿಟಕಿಗೆ ಹೋಗುತ್ತೇನೆ. ರೆಸೆಗೋನೆಗೆ ಸದ್ದೇ ಇರಲಿಲ್ಲ ಎಂಬುದು ಕಿಟಕಿಗೆ ಹೋದ ಮೇಲೆ ನೆನಪಾಗುತ್ತದೆ.

ಆ ಕಾರಿನ ನೆನಪು ಬಿಡುತ್ತಿಲ್ಲ. ಕಾರಿನದೇ. ಅಂಥ ಚರ್ಮ ಇನ್ನು ಈ ಕೈಗೆ ಸಿಗುವುದಿಲ್ಲವಲ್ಲ. ಸರೋವರದ ಕಡೆಯ ಗಾಜು ಇಳಿಸಿ ಈಗ ಯಾರು ಕೂತಿದ್ದಾರೋ ಎಂದು ಯೋಚಿಸುತ್ತ ಚಿಕೋರಿ ಕಾಫಿ ಉಕ್ಕಿಸಿಬಿಟ್ಟೆ. ಅರ್ಜೆಂಟೀನಾದಲ್ಲಿ ನಮ್ಮ ಸರೋವರ ಎಲ್ಲಿಂದ ಬರಬೇಕು?

“ಮೂರನೇ ಸಲ ಕಣೇ ಈ ವಾರ” ಎಂದರು ಅತ್ತೆ.

12 ಸೆಪ್ಟೆಂಬರ್, ಭಾನುವಾರ

ಪೋಜ್ಜಿ ಬಂದಿದ್ದ. ಲೆಕ್ಕೊದ ತಂಗಿಯ ಮನೆಗೆ ಹೋಗಿ ಬಂದನಂತೆ, ಬಸ್ಸಿನಲ್ಲಿ ಅಟ್ಟಿಲಿಯೊ ಸಿಕ್ಕನಂತೆ. “ತೆಳ್ಳಗಾಗಿದಾನೆ. ಬಸ್ಸಲ್ಲಿ ಕೋಳಿ ಹಿಡ್ಕೊಂಡು ಹತ್ತೋರ ಜೊತೆ ಜಗಳ ಆಡ್ತಾ ಇರ್ತಾನೆ. ನಗೋದು ಕಮ್ಮಿ” ಎಂದ. ನಾನು ಲೋಟ ತೊಳೆಯುತ್ತಿದ್ದೆ. ತೊಳೆದ ಲೋಟವನ್ನೇ ತೊಳೆಯುತ್ತಿದ್ದೆನೆಂದು ಅತ್ತೆ ಕೈಯಿಂದ ಕಿತ್ತುಕೊಂಡಾಗಲೇ ತಿಳಿದದ್ದು.

ಪೋಜ್ಜಿ ಇಳಿದು ಹೋದ ಮೇಲೆ ಅತ್ತೆ ನನ್ನೆದುರು ಕುರ್ಚಿ ಎಳೆದುಕೊಂಡರು.

“ಆ ಮೂಗು ಮುರುಕ ನಿನ್ನ ಕೇಳಿದ್ನಾ?”

“ಏನನ್ನ?”

“ಪಿಯೆರಾ, ನಾನು ಮುದುಕಿ, ಮಂಕಲ್ಲ.”

“ಕೇಳಿದ್ರು. ಆಗಲ್ಲ ಅಂದೆ.”

“ಯಾರನ್ನ ಕೇಳಿ ಆಗಲ್ಲ ಅಂದೆ?”

ಅವರು ಎದ್ದು ಕಪ್ಪು ಶಾಲನ್ನು ಹೊರತೆಗೆದು ಗಾಳಿಗೆ ಹಾಕಿದರು. ನ್ಯಾಯಾಲಯ ಯಾವ ದಿನ ತೆರೆದಿರುತ್ತದೆ ಎಂದು ನಾಳೆ ವಿಚಾರಿಸಿಕೊಂಡು ಬಾ ಎಂದರು, ಸಂತೆಯ ದಿನ ಕೇಳಿದ ಹಾಗೆ.

24 ಸೆಪ್ಟೆಂಬರ್, ಶುಕ್ರವಾರ

ನ್ಯಾಯಾಧೀಶರು ಸಣ್ಣ ವಯಸ್ಸಿನವರು, ತಾಳ್ಮೆಯವರು. ನನ್ನನ್ನು ಕೇಳಬೇಕಾದದ್ದು ಕೇಳಿದರು, ಹೇಳಬೇಕಾದದ್ದು ಹೇಳಿದೆ. ಕಡೆಗೆ ಅತ್ತೆಯ ಕಡೆ ತಿರುಗಿದರು.

“ತಾಯಿ, ನಿಮ್ಮ ಮಗ ಬದುಕಿದಾನೆ ಅನ್ನೋಕೆ ನಿಮಗೆ ಏನಾದ್ರೂ ಆಧಾರ ಇದೆಯಾ? ಯಾರಾದ್ರೂ ಏನಾದ್ರೂ ಹೇಳಿದ್ದು?”

ಅತ್ತೆ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತ ಇದ್ದರು. ಹೊರಗೆ ಟ್ರಾಮ್ ಒಂದು ತಿರುವಿನಲ್ಲಿ ಕಿರುಗುಟ್ಟಿ ಹಾದುಹೋಯಿತು.

“ಇಲ್ಲ” ಎಂದರು.

“ಬದುಕಿದಾನೆ ಅಂತ ನಂಬ್ತೀರಾ?”

“ಇಲ್ಲ.”

ತೀರ್ಪು ಬರಲು ತಿಂಗಳುಗಳಾಗುತ್ತವೆ, ತೊಂದರೆಯೇನೂ ಬಾರದು ಎಂದರು ನ್ಯಾಯಾಧೀಶರು. ಮೆಟ್ಟಿಲಿಳಿಯುವಾಗ ಅತ್ತೆ ನಡುವೆ ಕೂತುಬಿಟ್ಟರು. ಪಕ್ಕದಲ್ಲಿ ಕೂತೆ. ವಕೀಲರು ನಮ್ಮನ್ನು ಬಳಸಿಕೊಂಡು ಹತ್ತಿ ಇಳಿಯುತ್ತಿದ್ದರು. ಬೋರ್ತೊಲೊ ಹೇಳಿದ್ದನ್ನು ಹೇಳಿಬಿಡಬೇಕು, ಬದುಕಿರುವ ಮಗನನ್ನು ಇಲ್ಲ ಎಂದ ಪಾಪ ತನ್ನದೆಂದು ಅವರು ಕೊರಗಬಾರದು ಎನ್ನಿಸಿತು.

“ಅತ್ತೆ, ಆವತ್ತು ಬೆಟ್ಟದ ಮೇಲೆ—”

“ಸುಮ್ನಿರು.” ನನ್ನ ಬಾಯಿಗೆ ಅಂಗೈ ಇಟ್ಟರು. “ಆ ಬಾಗಿಲಲ್ಲಿ ಅವನು ನಿಂಗೇನೋ ಹೇಳ್ದ. ನಾನು ಅಂಗಳದಿಂದ ನಿನ್ನ ಮುಖ ನೋಡ್ತಿದ್ದೆ. ಅವತ್ತಿಂದ ನಾನು ಕೇಳ್ಲಿಲ್ಲ, ನೀನು ಹೇಳ್ಲಿಲ್ಲ. ಈಗ್ಲೂ ಹೇಳ್ಬೇಡ. ಆ ಮನೆ ಒಲೆ ನನಗೆ ಬೇಕು.”

ಅವರ ಕೈಯಿಂದ ಕರ್ಪೂರದ ವಾಸನೆ ಬರುತ್ತಿತ್ತು, ಶಾಲಿನದು. ನನಗೆ ಅಳು ಬಂತು. ಅವರು ಅಳಲಿಲ್ಲ.

“ಆ ಹುಡುಗ ಜಡ್ಜನ ಮುಂದೆ ಎರಡು ಸಲ ಇಲ್ಲ ಅಂದಿದೀನಿ. ಹೆತ್ತ ಬಾಯಲ್ಲಿ. ಅದು ದಂಡ ಆಗಬಾರದು, ಗೊತ್ತಾಯ್ತಾ?”

ಮನೆಗೆ ಬಂದು ಸಾರು ಬಿಸಿ ಮಾಡಿ ಉಂಡೆವು. ಅವರು ಎರಡು ಸಲ ಬಡಿಸಿಕೊಂಡರು. ನೀವೂ ಲೆಕ್ಕೊಗೆ ಬಂದು ನಮ್ಮ ಜೊತೆ ಇರಬೇಕು ಎಂದೆ. “ಮೊದಲು ಅವನು ಇನ್ನೂ ಒಪ್ತಾನಾ ಕೇಳ್ಕೊಂಡು ಬಾ” ಎಂದರು.

ನಾಳೆ ಮೊದಲ ರೈಲಿಗೆ ಹೋಗುತ್ತೇನೆ. ಅವನಿಗೆ ಹೇಳಿ ಕಳಿಸಿಲ್ಲ. ಬಸ್ಸು ನಿಲ್ಲುವ ಜಾಗದಲ್ಲಿ ಬೇರೆಯವರ ಜೊತೆ ಸಾಲಿನಲ್ಲಿ ನಿಂತಿರುತ್ತೇನೆ, ಅಷ್ಟೇ. ಹತ್ತಿದ ಮೇಲೆ ಏನು ಹೇಳಬೇಕೋ ತಿಳಿಯದು. ಒಳಗಿನಿಂದ ಬ್ರಷ್ಷಿನ ಸದ್ದು ಕೇಳುತ್ತಿದೆ. ಅತ್ತೆ ನನ್ನ ಬೂಟಿಗೆ ಪಾಲಿಶ್ ಹಾಕುತ್ತಿದ್ದಾರೆ.